ಮೊದಲ ತಿದ್ದುಪಡಿ ಕಳಿಸುವ ಮುನ್ನ: ಓಪನ್ ಸೋರ್ಸ್ ಯೋಜನೆಗೆ ಕೋಡ್ ಕೊಡುವ ಕ್ರಮ

“ಜಾವಾಸ್ಕ್ರಿಪ್ಟ್ ಅಲ್ಪಸ್ವಲ್ಪ ಬರುತ್ತದೆ, ಯಾವುದಾದರೂ ಓಪನ್ ಸೋರ್ಸ್ ಯೋಜನೆಗೆ ಕೋಡ್ ಬರೆಯಬೇಕೆಂಬ ಆಸೆ ಇದೆ, ಎಲ್ಲಿಂದ ಶುರು ಮಾಡಲಿ?” ಪರೀಕ್ಷೆ ಮುಗಿದ ತಿಂಗಳುಗಳಲ್ಲಿ ಈ ಪ್ರಶ್ನೆ ತಪ್ಪದೆ ಬರುತ್ತದೆ. ಕೆಲಸ ಹುಡುಕುವ ಕಾಲದಲ್ಲಿ ಇನ್ನೂ ಹೆಚ್ಚು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಬರೆದು ಕೈ ಸೋತಿದೆ. ಆದ್ದರಿಂದ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಇಡುತ್ತಿದ್ದೇನೆ.

ಇಂಥ ಲೇಖನಗಳು ಸಾಮಾನ್ಯವಾಗಿ ಕೋಡಿನ ಬದಲಾವಣೆಗಳ ಲೆಕ್ಕವಿಡುವ ಗಿಟ್ ಎಂಬ ತಂತ್ರಾಂಶದ ಆದೇಶಗಳಿಂದ ಆರಂಭವಾಗುತ್ತವೆ. ಗಿಟ್ ಒಂದು ಸಂಜೆಯ ಕಲಿಕೆ. ಕಲಿಯಲು ಕಷ್ಟವಾದದ್ದು ಬೇರೊಂದಿದೆ. ನೀವು ಕಳಿಸಿದ ಕೋಡನ್ನು ಆ ಬದಿಯಲ್ಲಿ ಒಬ್ಬ ಮನುಷ್ಯ ಕುಳಿತು ಓದಬೇಕು. ಅನೇಕ ಸಲ ಆತನಿಗೆ ಇದಕ್ಕೆ ಸಂಬಳವಿಲ್ಲ, ಹಗಲು ಬೇರೆ ಕೆಲಸವಿರುತ್ತದೆ. ಕೋಡ್ ಸೇರಿಸಿಕೊಂಡ ಮೇಲೆ ಮುಂದಿನ ಹತ್ತು ವರ್ಷ ಅದನ್ನು ಸಾಕುವ ಹೊಣೆಯೂ ಆತನದೇ. ಕೋಡ್ ದಾನ ಮಾಡುತ್ತಿದ್ದೇನೆ ಎಂದು ನೀವು ಅಂದುಕೊಂಡಿರುತ್ತೀರಿ. ಆತನ ಕುರ್ಚಿಯಿಂದ ನೋಡಿದರೆ ನೀವು ಸಮಯ ಕೇಳಲು ಬಂದವರು. ಕೆಳಗಿನ ಪ್ರತಿ ಹಂತವೂ ಆ ಸಮಯವನ್ನು ಹೇಗೆ ಉಳಿಸಬಹುದು ಎಂಬುದರ ಸುತ್ತಲೇ ಇದೆ.

ಮಾತು ಗಾಳಿಯಲ್ಲಿ ತೇಲದಿರಲು ಒಂದು ನಿಜವಾದ ಯೋಜನೆಯನ್ನು ಉದಾಹರಣೆಗೆ ಹಿಡಿದಿದ್ದೇನೆ: ಜೆಕ್ವೆರಿ ಐಎಂಇ. ಹೆಸರು ಕೇಳಿರದಿದ್ದರೂ ನೀವು ಅದನ್ನು ಬಳಸಿರಬಹುದು. ಕನ್ನಡ ವಿಕಿಪೀಡಿಯದ ಬರವಣಿಗೆ ಚೌಕದಲ್ಲಿ ಕಂಟ್ರೋಲ್ ಮತ್ತು ಎಂ ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಕನ್ನಡ ಟೈಪಿಂಗ್ ಶುರುವಾಗುತ್ತದಲ್ಲ, ಅದರ ಹಿಂದಿರುವುದು ಇದೇ. 2012ರಲ್ಲಿ, ವಿಕಿಪೀಡಿಯ ನಡೆಸುವ ವಿಕಿಮೀಡಿಯ ಸಂಸ್ಥೆಯ ಭಾಷಾ ತಂತ್ರಜ್ಞಾನ ತಂಡದಲ್ಲಿ ಆರಂಭವಾದ ಈ ಜಾವಾಸ್ಕ್ರಿಪ್ಟ್ ಲೈಬ್ರರಿ ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿದೆ. ಅದರಲ್ಲಿ ಯಾವ ಕೀಲಿಗೆ ಯಾವ ಅಕ್ಷರ ಎಂಬ ನಿಯಮಗಳ ಫೋಲ್ಡರ್‌ನಲ್ಲಿ ಕನ್ನಡಕ್ಕೆ ಒಂದು ಒಳಫೋಲ್ಡರ್ ಇದ್ದು, ಲಿಪ್ಯಂತರಣ, ಇನ್‌ಸ್ಕ್ರಿಪ್ಟ್, ಕಗಪ ಎಂಬ ಕೀಲಿಮಣೆ ವಿನ್ಯಾಸಗಳಿಗೆ ಪ್ರತ್ಯೇಕ ಕಡತಗಳಿವೆ. ಪ್ರೋಗ್ರಾಮಿಂಗ್ ಗೊತ್ತಿಲ್ಲದವರೂ ಅವುಗಳಲ್ಲೊಂದನ್ನು ತೆರೆದು ಅರ್ಧದಷ್ಟು ಅರ್ಥ ಮಾಡಿಕೊಳ್ಳಬಹುದು.

ಬೇಕಾದದ್ದು

ಹಳೆಯ ಲ್ಯಾಪ್‌ಟಾಪ್ ಸಾಕು. ಅದರಲ್ಲಿ ಗಿಟ್, ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಮತ್ತು ನಿಮಗೆ ಒಗ್ಗಿದ ಒಂದು ಟೆಕ್ಸ್ಟ್ ಎಡಿಟರ್ ಇರಲಿ. ಗಿಟ್‌ಹಬ್ ಖಾತೆ ಬೇಕು. ಇಂಗ್ಲಿಷನ್ನು ಓದಿ ತಿಳಿದುಕೊಳ್ಳುವ, ಸರಳವಾಗಿ ನಾಲ್ಕು ವಾಕ್ಯ ಬರೆಯುವ ಶಕ್ತಿ ಬೇಕು. ಅಲಂಕಾರದ ಇಂಗ್ಲಿಷ್ ಬೇಡ. ಮೂರು ನಾಲ್ಕು ಸಂಜೆಗಳ ಬಿಡುವು ಇರಲಿ. ಆಮೇಲೆ ಕಾಯುವ ತಾಳ್ಮೆಯೂ ಬೇಕು, ಅದರ ಮಾತು ಮುಂದೆ ಬರುತ್ತದೆ.

ಪದೇ ಪದೇ ಬರುವ ಕೆಲವು ಮಾತುಗಳು: ಯೋಜನೆಯ ಕೋಡ್ ಮತ್ತು ಅದರ ಇಡೀ ಇತಿಹಾಸ ಇರುವ ಜಾಗ ರೆಪೊಸಿಟರಿ. ಅದರ ನಿಮ್ಮದೇ ಪ್ರತಿಯನ್ನು ಗಿಟ್‌ಹಬ್‌ನಲ್ಲಿ ಮಾಡಿಕೊಂಡರೆ ಫೋರ್ಕ್, ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಂಡರೆ ಕ್ಲೋನ್. ಮುಖ್ಯ ಸಾಲಿನಿಂದ ಕವಲೊಡೆದು ಕೆಲಸ ಮಾಡುವ ಹಾದಿ ಬ್ರಾಂಚ್. ಒಂದು ಬದಲಾವಣೆಯನ್ನು ವಿವರಣೆಯ ಸಮೇತ ದಾಖಲಿಸಿದರೆ ಕಮಿಟ್. “ನನ್ನ ಬದಲಾವಣೆಯನ್ನು ನಿಮ್ಮದರಲ್ಲಿ ಸೇರಿಸಿಕೊಳ್ಳಿ” ಎಂಬ ಅರ್ಜಿ ಪುಲ್ ರಿಕ್ವೆಸ್ಟ್. ಸೇರಿಸಿಕೊಳ್ಳುವುದು ಮರ್ಜ್. ತೊಂದರೆಯನ್ನೋ ಬೇಡಿಕೆಯನ್ನೋ ಯೋಜನೆಯ ಪುಟದಲ್ಲಿ ಬರೆದು ದಾಖಲಿಸಿದರೆ ಇಷ್ಯೂ. ಸೇರಿಸಬೇಕೋ ಬೇಡವೋ ಎಂದು ತೀರ್ಮಾನಿಸುವವರು ಮೇಂಟೇನರ್, ಅಂದರೆ ನಿರ್ವಾಹಕರು. ಮುಂದೆ ಬರುವ ಆದೇಶಗಳನ್ನೆಲ್ಲ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ; ಆದೇಶ ಕೊಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು.

1. ಬಳಸುವುದನ್ನೇ ಆರಿಸಿಕೊಳ್ಳಿ

ಹೆಸರುವಾಸಿ ಯೋಜನೆಗಳ ಪಟ್ಟಿ ಹಿಡಿದು ಅದರಲ್ಲೊಂದನ್ನು ಆರಿಸುವವರೇ ಹೆಚ್ಚು. ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನಲ್ ಎಂದರೆ ರೆಸ್ಯೂಮೆಯಲ್ಲಿ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ನೀವು ಬಳಸದ ತಂತ್ರಾಂಶದಲ್ಲಿ ಏನು ಕೆಟ್ಟಿದೆ ಎಂಬುದು ನಿಮಗೆ ತಿಳಿಯುವುದಿಲ್ಲ. ದಿನವೂ ಬಳಸುವ ತಂತ್ರಾಂಶದಲ್ಲಿ ಕಿರಿಕಿರಿ ಕೊಡುವ ಸಂಗತಿ ಯಾವುದು? ಅಲ್ಲಿಂದ ಶುರು ಮಾಡಿ.

ಆರಿಸಿದ ಯೋಜನೆಗೆ ಜೀವವಿದೆಯೇ ಎಂದು ಹತ್ತು ನಿಮಿಷ ನೋಡಿ. ಕೊನೆಯ ಕಮಿಟ್ ಯಾವಾಗ ಆಗಿದೆ? ಹೊರಗಿನವರ ಪುಲ್ ರಿಕ್ವೆಸ್ಟ್‌ಗಳು ಇತ್ತೀಚೆಗೆ ಮರ್ಜ್ ಆಗಿವೆಯೇ, ಅಥವಾ ವರ್ಷಗಟ್ಟಲೆ ಉತ್ತರವಿಲ್ಲದೆ ಬಿದ್ದಿವೆಯೇ? ಎರಡನೆಯದಾದರೆ ನಿಮ್ಮದೂ ಅದೇ ರಾಶಿಗೆ ಸೇರುತ್ತದೆ. ಹೊಸಬರಿಗೆ ಹೊಂದುವ ಕೆಲಸಗಳಿಗೆ ಅನೇಕ ಯೋಜನೆಗಳು “ಗುಡ್ ಫಸ್ಟ್ ಇಷ್ಯೂ” ಎಂಬ ಚೀಟಿ ಅಂಟಿಸಿರುತ್ತವೆ. ಜನಪ್ರಿಯ ಯೋಜನೆಗಳಲ್ಲಿ ಇಂಥ ಚೀಟಿಯ ಕೆಳಗೆ ಗಂಟೆಯೊಳಗೆ ಹತ್ತು ಮಂದಿ “ಇದನ್ನು ನನಗೆ ಕೊಡಿ” ಎಂದು ಸಾಲುಗಟ್ಟುತ್ತಾರೆ. ಆ ಸಾಲಿನಲ್ಲಿ ನಿಲ್ಲಬೇಡಿ.

ಒಂದು ಎಚ್ಚರಿಕೆ ವಿಶೇಷವಾಗಿ ಕನ್ನಡಿಗರಿಗೆ. ನಮ್ಮಲ್ಲಿ ಅನೇಕರಿಗೆ ಮೊದಲು ಕಣ್ಣಿಗೆ ಬೀಳುವುದು ತಂತ್ರಾಂಶದ ಕೆಟ್ಟ ಕನ್ನಡ. ಅನುವಾದದ ಕಡತ ಹುಡುಕಿ, ಅದನ್ನೇ ತಿದ್ದಿ ಪುಲ್ ರಿಕ್ವೆಸ್ಟ್ ಕಳಿಸುತ್ತಾರೆ, ಅದು ತಿರಸ್ಕೃತವಾಗುತ್ತದೆ, ಬೇಸರವಾಗುತ್ತದೆ. ಕಾರಣ ಸರಳ: ವಿಕಿಪೀಡಿಯದ ಹಿಂದಿರುವ ತಂತ್ರಾಂಶವಾದ ಮೀಡಿಯಾವಿಕಿಯಂಥ ಯೋಜನೆಗಳಲ್ಲಿ ಅನುವಾದಗಳು ಟ್ರಾನ್ಸ್‌ಲೇಟ್‌ವಿಕಿ ಎಂಬ ಪ್ರತ್ಯೇಕ ತಾಣದಿಂದ ಬರುತ್ತವೆ. ಕಡತದಲ್ಲಿ ನೀವು ತಿದ್ದಿದರೂ ಅಲ್ಲಿಂದ ಮುಂದಿನ ಕಂತು ಬಂದಾಗ ಅಳಿಸಿಹೋಗಬಹುದು. ಫೈರ್‌ಫಾಕ್ಸ್‌ನ ಅನುವಾದಕ್ಕೆ ಪಾಂಟೂನ್ ಎಂಬ ತಾಣವಿದೆ, ಲಿನಕ್ಸ್ ಡೆಸ್ಕ್‌ಟಾಪ್ ಆದ ಗ್ನೋಮ್‌ಗೆ ಅದರದೇ ತಾಣವಿದೆ. ಅನುವಾದ ತಿದ್ದುವುದು ಒಳ್ಳೆಯ ಕೆಲಸವೇ. ಅದರ ಬಾಗಿಲು ಬೇರೆ, ಅಷ್ಟೇ.

2. ಪರವಾನಗಿ, ಮತ್ತು ನಿಮ್ಮ ಕಂಪನಿ

ರೆಪೊಸಿಟರಿಯಲ್ಲಿ ಪರವಾನಗಿಯ ಕಡತ ಇದೆಯೇ ನೋಡಿ. ಕೋಡ್ ಎಲ್ಲರಿಗೂ ಕಾಣುತ್ತಿದೆ ಎಂದ ಮಾತ್ರಕ್ಕೆ ಅದು ಓಪನ್ ಸೋರ್ಸ್ ಆಗುವುದಿಲ್ಲ. ಪರವಾನಗಿ ಇಲ್ಲದಿದ್ದರೆ ಹಕ್ಕುಗಳೆಲ್ಲ ಬರೆದವರಲ್ಲೇ ಉಳಿದಿರುತ್ತವೆ. ಜೆಕ್ವೆರಿ ಐಎಂಇ ಜಿಪಿಎಲ್ ಮತ್ತು ಎಂಐಟಿ ಎರಡೂ ಪರವಾನಗಿಗಳಡಿ ದೊರೆಯುತ್ತದೆ. ಎಂಐಟಿ ಚಿಕ್ಕದು, ಸಡಿಲವಾದದ್ದು. ಜಿಪಿಎಲ್ ಹಾಗಲ್ಲ: ತಿದ್ದಿ ಹಂಚುವವರು ತಿದ್ದಿದ ಕೋಡನ್ನೂ ಅದೇ ಷರತ್ತಿನಲ್ಲಿ ಕೊಡಬೇಕು ಎನ್ನುತ್ತದೆ. ನೀವು ಕೊಡುವ ಕೋಡ್ ಯೋಜನೆಯ ಪರವಾನಗಿಯಡಿಯೇ ಸೇರುತ್ತದೆ. ಬೇರೆಲ್ಲಿಂದಲೋ ನಕಲು ಮಾಡಿದ ತುಣುಕನ್ನು ಅದರ ಪರವಾನಗಿ ನೋಡದೆ ತೂರಿಸಬಾರದು.

ಈಗ ಯಾರೂ ಕೇಳದ, ಆದರೆ ಎಲ್ಲರಿಗಿಂತ ಹೆಚ್ಚಾಗಿ ಬೆಂಗಳೂರಿನ ನೌಕರರು ಕೇಳಿಕೊಳ್ಳಬೇಕಾದ ಪ್ರಶ್ನೆ: ನೀವು ಬರೆದ ಕೋಡ್ ನಿಮ್ಮದೇ? 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಉದ್ಯೋಗದ ಭಾಗವಾಗಿ ಮಾಡಿದ ಕೃತಿಯ ಮೊದಲ ಒಡೆತನ ಉದ್ಯೋಗದಾತರದು. ರಾತ್ರಿ ಮನೆಯಲ್ಲಿ ಬರೆದದ್ದು ಇದರಡಿ ಬರಲಿಕ್ಕಿಲ್ಲ. ಆದರೆ ಐಟಿ ಕಂಪನಿಗಳ ನೇಮಕಾತಿ ಪತ್ರಗಳಲ್ಲಿ ಇದಕ್ಕಿಂತ ಅಗಲವಾಗಿ ಬಲೆ ಬೀಸಿರುವ ಷರತ್ತುಗಳೂ ಇರುತ್ತವೆ. ಸೇರುವ ದಿನ ಓದದೆ ಸಹಿ ಹಾಕಿದ ಆ ಪತ್ರವನ್ನು ಈಗ ಹುಡುಕಿ ಓದಿ. ಅನುಮಾನವಿದ್ದರೆ ಮ್ಯಾನೇಜರಿಗೋ ಕಾನೂನು ವಿಭಾಗಕ್ಕೋ ಇಮೇಲ್ ಬರೆದು, ಯೋಜನೆಯ ಹೆಸರು ಹೇಳಿ, ಲಿಖಿತ ಒಪ್ಪಿಗೆ ಪಡೆಯಿರಿ. ಕಾಫಿ ಕುಡಿಯುತ್ತಾ “ಪರವಾಗಿಲ್ಲ, ಮಾಡಿಕೊಳ್ಳಿ” ಎಂದದ್ದು ಒಪ್ಪಿಗೆಯಲ್ಲ. ಕಚೇರಿಯ ಲ್ಯಾಪ್‌ಟಾಪ್, ಕಚೇರಿಯ ಇಮೇಲ್ ವಿಳಾಸ ಎರಡನ್ನೂ ಈ ಕೆಲಸಕ್ಕೆ ಬಳಸಬೇಡಿ.

3. ಏನನ್ನೂ ಮುಟ್ಟದೆ ಓಡಿಸಿ ನೋಡಿ

ರೀಡ್‌ಮಿ ಕಡತವನ್ನೂ, ಕೊಡುಗೆದಾರರಿಗೆಂದು ಬರೆದ ಕಡತವಿದ್ದರೆ ಅದನ್ನೂ ಪೂರ್ತಿ ಓದಿ. ಟ್ಯಾಬ್ ಹಾಕಬೇಕೇ ಸ್ಪೇಸ್ ಹಾಕಬೇಕೇ, ಕೋಡ್ ಸರಿಯಿದೆಯೇ ಎಂದು ತಾವೇ ನೋಡುವ ಪರೀಕ್ಷೆಗಳನ್ನು ಹೇಗೆ ಓಡಿಸುವುದು, ಚರ್ಚೆ ಎಲ್ಲಿ ನಡೆಯುತ್ತದೆ ಎಂಬ ಉತ್ತರಗಳು ಅಲ್ಲಿರುತ್ತವೆ. ಯೋಜನೆಯಿಂದ ಯೋಜನೆಗೆ ಪದ್ಧತಿ ಬೇರೆ: ಮೀಡಿಯಾವಿಕಿಯ ಮುಖ್ಯ ಕೋಡ್ ಗೆರಿಟ್ ಎಂಬ ವ್ಯವಸ್ಥೆಯಲ್ಲಿ ಪರಿಶೀಲನೆಯಾಗುತ್ತದೆ, ಲಿನಕ್ಸ್ ಕರ್ನಲ್‌ಗೆ ಇಂದಿಗೂ ತಿದ್ದುಪಡಿಗಳು ಇಮೇಲಿನಲ್ಲೇ ಹೋಗುತ್ತವೆ.

ಆಮೇಲೆ ಒಂದಕ್ಷರವನ್ನೂ ಬದಲಿಸದೆ ಕೋಡನ್ನು ನಿಮ್ಮ ಕಂಪ್ಯೂಟರಿನಲ್ಲಿ ಓಡಿಸಿ. ನಮ್ಮ ಉದಾಹರಣೆಯಲ್ಲಿ “ಎನ್‌ಪಿಎಂ ಇನ್‌ಸ್ಟಾಲ್”, ಅದು ಮುಗಿದ ಮೇಲೆ “ಎನ್‌ಪಿಎಂ ಟೆಸ್ಟ್”. ಪರೀಕ್ಷೆಗಳೆಲ್ಲ ಪಾಸಾದವೇ? ಆಗದಿದ್ದರೆ ತೊಂದರೆ ನಿಮ್ಮ ಯಂತ್ರದ್ದೇ ಯೋಜನೆಯದೇ ಎಂದು ಈಗಲೇ ತಿಳಿದುಕೊಳ್ಳಿ. ನಿಮ್ಮ ಬದಲಾವಣೆ ಮಾಡಿದ ಮೇಲೆ ಪರೀಕ್ಷೆ ಫೇಲಾದರೆ ಯಾರ ತಪ್ಪೆಂದು ಹೇಳಲು ಆಗುವುದಿಲ್ಲ. ಹೊಸಬರಲ್ಲಿ ಬಹುಪಾಲು ಮಂದಿ ಸೋತು ಬಿಡುವುದು ಈ ಹಂತದಲ್ಲೇ. ಹಾಗೆಯೇ, ಅಳವಡಿಕೆಯ ಸೂಚನೆಯಲ್ಲಿ ಒಂದು ಹೆಜ್ಜೆ ಬಿಟ್ಟುಹೋಗಿರುವುದು ನಿಮಗೆ ಕಂಡರೆ, ಅದನ್ನು ಸೇರಿಸುವುದೇ ಒಂದು ಯೋಗ್ಯ ಮೊದಲ ಕೊಡುಗೆ.

4. ತೊಂದರೆಯನ್ನು ಬರೆದು ತೋರಿಸಿ

ಉದಾಹರಣೆಗೆ “ರ‍್ಯಾಂಕ್” ಎಂಬ ಪದವನ್ನು ತೆಗೆದುಕೊಳ್ಳೋಣ. “ಸೂರ್ಯ” ಎಂದು ಬರೆಯುವಾಗ ರ, ಸ್ವರವಿಲ್ಲವೆಂದು ಸೂಚಿಸುವ ಹಲಂತ ಚಿಹ್ನೆ, ಯ ಮೂರೂ ಸಾಲಾಗಿ ಬಂದರೆ ಯಕಾರದ ಮುಂದೆ ಅರ್ಕಾವೊತ್ತು ಮೂಡುತ್ತದೆ, ಅದು ಸರಿ. ರ‍್ಯಾಂಕ್ ಬರೆಯುವಾಗ ನಮಗೆ ಬೇಕಾದದ್ದು ಪೂರ್ತಿ ರಕಾರ, ಅದರ ಕೆಳಗೆ ಯಕಾರದ ಒತ್ತು. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಮಾನಕ ಇದಕ್ಕೆ ಹೇಳುವ ಕ್ರಮ: ರ, ಆಮೇಲೆ ಜೀರೋ ವಿಡ್ತ್ ಜಾಯ್ನರ್ ಎಂಬ ಕಣ್ಣಿಗೆ ಕಾಣದ ಅಕ್ಷರ, ಆಮೇಲೆ ಹಲಂತ ಚಿಹ್ನೆ, ಆಮೇಲೆ ಯ. ನೀವು ಬಳಸುವ ಕೀಲಿಮಣೆ ವಿನ್ಯಾಸದಲ್ಲಿ ಹೀಗೆ ಬರೆಯಲು ದಾರಿ ಕಾಣುತ್ತಿಲ್ಲ ಎಂದಿಟ್ಟುಕೊಳ್ಳಿ.

ಮೊದಲು ನಿಯಮದ ಕಡತದಲ್ಲೇ ಹುಡುಕಿ. ದಾರಿ ಇದ್ದು ನಿಮಗೆ ಗೊತ್ತಿಲ್ಲದಿರಬಹುದು. ಆಮೇಲೆ ಯೋಜನೆಯ ಇಷ್ಯೂ ಪಟ್ಟಿಯಲ್ಲಿ, ಮುಚ್ಚಿದವುಗಳನ್ನೂ ಸೇರಿಸಿ, ಹುಡುಕಿ. ನಾಲ್ಕು ವರ್ಷದ ಹಿಂದೆ ಯಾರೋ ಕೇಳಿ, ಬೇಡ ಎಂದು ತೀರ್ಮಾನವಾಗಿದ್ದರೆ ಆ ಕಾರಣ ಓದದೆ ಮತ್ತೆ ಕೇಳುವುದು ಮುಜುಗರ. ಇಲ್ಲವೆಂದಾದರೆ ಇಷ್ಯೂ ಬರೆಯಿರಿ. ಯಾವ ವಿನ್ಯಾಸ, ಯಾವ ಕೀಲಿಗಳನ್ನು ಯಾವ ಕ್ರಮದಲ್ಲಿ ಒತ್ತಿದಿರಿ, ಏನು ಬಂತು, ಏನು ಬರಬೇಕಿತ್ತು, ಯಾವ ಬ್ರೌಸರ್ ಎಂಬ ಐದು ವಿವರ ಸಾಕು. ನಿರ್ವಾಹಕರಿಗೆ ಕನ್ನಡ ಬಾರದಿರುವ ಸಾಧ್ಯತೆಯೇ ಹೆಚ್ಚು, ಆದ್ದರಿಂದ “ಒತ್ತು ತಪ್ಪಾಗಿದೆ” ಎಂದರೆ ಅವರಿಗೇನೂ ಹೊಳೆಯುವುದಿಲ್ಲ. ಬರಬೇಕಾದ ಅಕ್ಷರಗಳ ಯೂನಿಕೋಡ್ ಸಂಖ್ಯೆಗಳನ್ನು ಕ್ರಮವಾಗಿ ಬರೆಯಿರಿ: 0ಸಿಬಿ0, 200ಡಿ, 0ಸಿಸಿಡಿ, 0ಸಿಎಎಫ್. ಜೊತೆಗೆ ಒಂದು ಚಿತ್ರ.

ಸಣ್ಣ ತಿದ್ದುಪಡಿಗೆ ಇಷ್ಯೂ ಬರೆದು ನೇರ ಕೆಲಸಕ್ಕೆ ಇಳಿಯಬಹುದು. ಹೊಸ ಸೌಲಭ್ಯವೊಂದನ್ನು ಸೇರಿಸುವ ಆಲೋಚನೆ ಇದ್ದರೆ ಮಾತ್ರ “ಇದು ನಿಮಗೆ ಬೇಕೇ?” ಎಂದು ಕೇಳಿ, ಉತ್ತರ ಬರುವ ತನಕ ಕಾಯಿರಿ. ಎರಡು ವಾರ ಕುಳಿತು ಬರೆದ ಸಾವಿರ ಸಾಲನ್ನು “ಇದು ನಮ್ಮ ಯೋಜನೆಯ ವ್ಯಾಪ್ತಿಗೆ ಬರುವುದಿಲ್ಲ” ಎಂಬ ಒಂದೇ ಸಾಲು ಮುಗಿಸಿಬಿಡುತ್ತದೆ. ಆ ಒಂದು ಸಾಲು ಬರೆದವರ ಮೇಲೆ ಸಿಟ್ಟಾಗುವುದರಲ್ಲಿ ಅರ್ಥವಿಲ್ಲ.

5. ಫೋರ್ಕ್, ಕ್ಲೋನ್, ಬ್ರಾಂಚ್

ಇದು ಯಾಂತ್ರಿಕ ಕೆಲಸ. ಗಿಟ್‌ಹಬ್ ಪುಟದಲ್ಲಿ ಫೋರ್ಕ್ ಗುಂಡಿ ಒತ್ತಿ. “ಗಿಟ್ ಕ್ಲೋನ್” ಆದೇಶದ ಮುಂದೆ ನಿಮ್ಮ ಫೋರ್ಕಿನ ವಿಳಾಸ ಹಾಕಿ. “ಗಿಟ್ ರಿಮೋಟ್ ಆ್ಯಡ್ ಅಪ್‌ಸ್ಟ್ರೀಮ್” ಬಳಸಿ ಮೂಲ ರೆಪೊಸಿಟರಿಯ ವಿಳಾಸವನ್ನೂ ಸೇರಿಸಿಕೊಳ್ಳಿ, ಮುಂದೆ ಹೊಸ ಬದಲಾವಣೆಗಳನ್ನು ತರಿಸಿಕೊಳ್ಳಲು ಬೇಕು. ಆಮೇಲೆ ಈ ಕೆಲಸಕ್ಕೆಂದೇ ಒಂದು ಹೊಸ ಬ್ರಾಂಚ್ ಮಾಡಿ. ಮುಖ್ಯ ಬ್ರಾಂಚಿನ ಹೆಸರು ಹಳೆಯ ಯೋಜನೆಗಳಲ್ಲಿ ಮಾಸ್ಟರ್, ಹೊಸವುಗಳಲ್ಲಿ ಮೇನ್. ಯಾವುದಾದರೂ ಇರಲಿ, ಅದರ ಮೇಲೆ ನೇರವಾಗಿ ಕೆಲಸ ಮಾಡಬೇಡಿ.

ಎರಡು ಹಳ್ಳಗಳಲ್ಲಿ ಎಲ್ಲರೂ ಒಮ್ಮೆ ಬೀಳುತ್ತಾರೆ. ಗಿಟ್‌ಹಬ್ 2021ರ ಆಗಸ್ಟ್‌ನಿಂದ ಟರ್ಮಿನಲ್‌ನಲ್ಲಿ ಖಾತೆಯ ಪಾಸ್‌ವರ್ಡ್ ಒಪ್ಪುವುದಿಲ್ಲ. ಅದರ ಬದಲು ಗುರುತು ತೋರಿಸುವ ಎಸ್‌ಎಸ್‌ಎಚ್ ಕೀಲಿಯನ್ನೋ ಟೋಕನ್ನನ್ನೋ ಮೊದಲೇ ಮಾಡಿಟ್ಟುಕೊಳ್ಳಿ. ಎರಡನೆಯದು: ಪ್ರತಿ ಕಮಿಟ್‌ನಲ್ಲೂ ನಿಮ್ಮ ಹೆಸರು, ಇಮೇಲ್ ವಿಳಾಸ ಶಾಶ್ವತವಾಗಿ, ಎಲ್ಲರಿಗೂ ಕಾಣುವಂತೆ ದಾಖಲಾಗುತ್ತದೆ. ಸ್ವಂತ ವಿಳಾಸ ತೋರಿಸಲು ಇಷ್ಟವಿಲ್ಲದಿದ್ದರೆ ಗಿಟ್‌ಹಬ್ ಕೊಡುವ ನೋರಿಪ್ಲೈ ವಿಳಾಸವನ್ನು ಮೊದಲ ಕಮಿಟ್‌ಗೆ ಮುಂಚೆಯೇ “ಗಿಟ್ ಕಾನ್ಫಿಗ್” ಮೂಲಕ ಹೊಂದಿಸಿ.

6. ಬದಲಾವಣೆ

ನಿಯಮದ ಕಡತವನ್ನು ತೆರೆಯೋಣ. ಮೇಲ್ಭಾಗದಲ್ಲಿ ವಿನ್ಯಾಸದ ಹೆಸರು, ದಿನಾಂಕ, ಪರವಾನಗಿ. ಅದರ ಕೆಳಗೆ ನಿಯಮಗಳ ಉದ್ದ ಪಟ್ಟಿ. ಒಂದೊಂದು ನಿಯಮದಲ್ಲೂ ಎರಡು ಅಥವಾ ಮೂರು ತುಂಡು. ಮೊದಲ ತುಂಡು, ಕರ್ಸರ್‌ನ ಹಿಂದಿರುವ ಅಕ್ಷರಗಳು ಮತ್ತು ಈಗ ಒತ್ತಿದ ಕೀಲಿ. ಕೊನೆಯ ತುಂಡು, ಅವುಗಳ ಜಾಗದಲ್ಲಿ ಬರಬೇಕಾದದ್ದು. ಪರದೆಯಲ್ಲಿ “ಕ್” ಇದ್ದು ಇಂಗ್ಲಿಷಿನ ಎ ಕೀಲಿ ಒತ್ತಿದರೆ “ಕ” ಆಗಲಿ ಎಂಬಂಥ ನಿಯಮಕ್ಕೆ ಎರಡೇ ತುಂಡು ಸಾಕು.

ನಡುವಿನ ತುಂಡು ಯಾಕೆ? ಸಿ ಒತ್ತಿದರೂ ಕೆ ಒತ್ತಿದರೂ “ಕ್” ಎಂದೇ ಬರುವ ಒಂದು ಲಿಪ್ಯಂತರಣ ವಿನ್ಯಾಸವನ್ನು ಊಹಿಸಿಕೊಳ್ಳಿ. ಮುಂದೆ ಎಚ್ ಒತ್ತಿದರೆ ಮೊದಲನೆಯದು “ಚ್” ಆಗಬೇಕು, ಎರಡನೆಯದು “ಖ್”. ಪರದೆಯ ಮೇಲಿನ ಅಕ್ಷರ ಎರಡರಲ್ಲೂ ಒಂದೇ. ಹಿಂದೆ ಯಾವ ಕೀಲಿ ಒತ್ತಿದ್ದರು ಎಂಬುದರಿಂದಲೇ ವ್ಯತ್ಯಾಸ ತಿಳಿಯಬೇಕು. ನಡುವಿನ ತುಂಡು ಹೇಳುವುದು ಅದನ್ನೇ.

ಇಲ್ಲಿ ಮೂರು ಕಡೆ ಕಾಲು ಜಾರುತ್ತದೆ. ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ ಹೋಗಿ, ಮೊದಲು ಹೊಂದಿದ ನಿಯಮವನ್ನು ಬಳಸಿ ಅಲ್ಲಿಗೇ ನಿಲ್ಲಿಸಲಾಗುತ್ತದೆ. ಹಾಗಾಗಿ ನಿಮ್ಮ ವಿಶೇಷ ನಿಯಮವನ್ನು ಪಟ್ಟಿಯ ಕೊನೆಯಲ್ಲಿ ಅಂಟಿಸಿದರೆ, ಮೇಲಿರುವ ಸಾಮಾನ್ಯ ನಿಯಮವೊಂದು ಅದರ ಪಾಲನ್ನು ಮೊದಲೇ ಕಬಳಿಸಿರುತ್ತದೆ. ಎರಡನೆಯದಾಗಿ, ಹಿಂದಿನ ಎಷ್ಟು ಅಕ್ಷರಗಳನ್ನು ನೋಡಬೇಕು ಎಂಬ ಮಿತಿ ಕಡತದ ಮೇಲ್ಭಾಗದಲ್ಲಿ ಒಂದು ಸಂಖ್ಯೆಯಾಗಿ ಇರುತ್ತದೆ; ನಿಮ್ಮ ನಿಯಮ ಅದಕ್ಕಿಂತ ಉದ್ದವಾಗಿದ್ದರೆ ಎಂದಿಗೂ ಹೊಂದುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ. ಮೂರನೆಯದು ಆ ಕಾಣದ ಜಾಯ್ನರ್. ಅದನ್ನು ಹಾಗೆಯೇ ಕಡತದಲ್ಲಿ ಟೈಪ್ ಮಾಡಿದರೆ ಓದುವವರಿಗೆ ಅದು ಇದೆಯೋ ಇಲ್ಲವೋ ತಿಳಿಯದು. ಬ್ಯಾಕ್‌ಸ್ಲ್ಯಾಷ್, ಯು, 200ಡಿ ಎಂದು ಸಂಕೇತ ರೂಪದಲ್ಲಿ ಬರೆದರೆ ಕಣ್ಣಿಗೆ ಕಾಣುತ್ತದೆ.

ನಿಯಮ ಸೇರಿಸುವ ಮೊದಲೇ ಪರೀಕ್ಷೆ ಬರೆಯಿರಿ. ಪರೀಕ್ಷೆಗಳ ಕಡತದಲ್ಲಿ ಪ್ರತಿ ವಿನ್ಯಾಸಕ್ಕೂ ಒತ್ತುವ ಕೀಲಿಗಳು, ಬರಬೇಕಾದ ಫಲಿತಾಂಶ, ಒಂದು ಸಾಲಿನ ವಿವರಣೆ ಎಂಬ ಮೂರು ಅಂಶಗಳ ದಾಖಲೆಗಳಿವೆ. ರ‍್ಯಾಂಕ್‌ಗೆ ಒಂದು ದಾಖಲೆ ಸೇರಿಸಿ, ಪರೀಕ್ಷೆ ಓಡಿಸಿ. ಫೇಲಾಗಬೇಕು. ಆಮೇಲೆ ನಿಯಮ ಸೇರಿಸಿ, ಮತ್ತೆ ಓಡಿಸಿ, ಪಾಸಾಗಬೇಕು. ಸೂರ್ಯನಿಗೂ ಒಂದು ದಾಖಲೆ ಇರಲಿ, ಹೊಸ ನಿಯಮ ಹಳೆಯ ಅರ್ಕಾವೊತ್ತನ್ನು ಕೆಡಿಸಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ. ಕನ್ನಡ ಓದಲು ಬಾರದ ನಿರ್ವಾಹಕರು ನಿಮ್ಮ ಮಾತನ್ನು ನಂಬಲು ಇರುವ ಒಂದೇ ಆಧಾರ ಈ ಪರೀಕ್ಷೆಗಳು.

ಬದಲಾವಣೆ ಚಿಕ್ಕದಾಗಿರಲಿ, ಒಂದೇ ವಿಷಯದ್ದಾಗಿರಲಿ. ಪಕ್ಕದ ಸಾಲು ಕೊಳಕಾಗಿ ಕಂಡರೂ ಈಗ ಮುಟ್ಟಬೇಡಿ. ನನ್ನ ಆರಂಭದ ತಿದ್ದುಪಡಿಗಳಲ್ಲೊಂದು ಒಂದೇ ಸಾಲಿನದು. ಎಡಿಟರ್ ತನ್ನ ಪಾಡಿಗೆ ತಾನು ಇಡೀ ಕಡತದ ಟ್ಯಾಬ್‌ಗಳನ್ನು ಸ್ಪೇಸ್ ಮಾಡಿತ್ತು, ನಾನು ನೋಡದೆ ಕಳಿಸಿದೆ. ನಾನೂರು ಸಾಲು ಬದಲಾದಂತೆ ಕಂಡ ಆ ಅರ್ಜಿಗೆ ಬಂದ ಉತ್ತರ “ದಯವಿಟ್ಟು ಮತ್ತೆ ಪ್ರಯತ್ನಿಸಿ” ಎಂಬುದು ಮಾತ್ರ. ವಿಂಡೋಸ್ ಬಳಸುವವರಿಗೆ ಸಾಲಿನ ಕೊನೆಯ ಚಿಹ್ನೆಗಳಿಂದಲೂ ಇದೇ ಗತಿಯಾಗುತ್ತದೆ. ಕಮಿಟ್ ಮಾಡುವ ಮುನ್ನ “ಗಿಟ್ ಡಿಫ್” ಕೊಟ್ಟು ಪ್ರತಿ ಸಾಲನ್ನೂ ಓದಿ. ನೀವು ಬೇಕೆಂದು ಮಾಡದ ಒಂದು ಸಾಲೂ ಅಲ್ಲಿ ಇರಬಾರದು.

“ಎನ್‌ಪಿಎಂ ಇನ್‌ಸ್ಟಾಲ್” ಕೆಲವೊಮ್ಮೆ ಅವಲಂಬನೆಗಳ, ಅಂದರೆ ಯೋಜನೆ ಬಳಸುವ ಇತರ ತಂತ್ರಾಂಶಗಳ, ಪಟ್ಟಿಯ ಲಾಕ್ ಕಡತವನ್ನು ಬದಲಿಸುತ್ತದೆ. ಆ ಬದಲಾವಣೆಯನ್ನೂ ಕಮಿಟ್‌ಗೆ ಸೇರಿಸಬೇಡಿ. ಇದಕ್ಕೆ ಕಾರಣವಿದೆ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಕಡತ ಕುಗ್ಗಿಸುವ ತಂತ್ರಾಂಶದಲ್ಲಿ ಹಿಂಬಾಗಿಲೊಂದು, ಅಂದರೆ ಕದ್ದು ಒಳನುಗ್ಗುವ ದಾರಿ, ಪತ್ತೆಯಾಯಿತು. ಅದನ್ನು ಇಟ್ಟವರು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೊಡುಗೆದಾರರ ವೇಷದಲ್ಲಿ ನಂಬಿಕೆ ಗಳಿಸಿದ್ದರು. ದುಷ್ಟ ಕೋಡನ್ನು ಪರೀಕ್ಷೆಗೆಂದು ಇಟ್ಟ ಬೈನರಿ ಕಡತಗಳಲ್ಲಿ ಬಚ್ಚಿಟ್ಟಿದ್ದರು. ದೂರದ ಕಂಪ್ಯೂಟರಿಗೆ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನು ಹತ್ತಿದ್ದರಿಂದ ಅದು ಬಯಲಾಯಿತು. ಅಂದಿನಿಂದ ಅಪರಿಚಿತರು ಲಾಕ್ ಕಡತವನ್ನೋ ಬೈನರಿ ಕಡತವನ್ನೋ ಮುಟ್ಟಿದರೆ ನಿರ್ವಾಹಕರ ಹುಬ್ಬು ಮೇಲೇರುತ್ತದೆ. ಅದು ನಿಮ್ಮ ಮೇಲಿನ ವೈಯಕ್ತಿಕ ಅನುಮಾನವಲ್ಲ.

ಕೃತಕ ಬುದ್ಧಿಮತ್ತೆಯಿಂದ ಕೋಡ್ ಬರೆಸಬಹುದೇ ಎಂದು ಈಗ ಎಲ್ಲರೂ ಕೇಳುತ್ತಾರೆ. ಯೋಜನೆಯ ನಿಯಮ ನೋಡಿ. ಕಾರ್ಯಾಚರಣೆ ವ್ಯವಸ್ಥೆಗಳಾದ ಜೆಂಟೂ ಮತ್ತು ನೆಟ್‌ಬಿಎಸ್‌ಡಿ 2024ರಲ್ಲೇ ಅಂಥ ಕೋಡ್ ಬೇಡವೆಂದವು, ಬೇರೆ ಅನೇಕ ಕಡೆ ಅಭ್ಯಂತರವಿಲ್ಲ. ಬೇಡವೆನ್ನದ ಕಡೆಯೂ ನನ್ನ ಅಳತೆಗೋಲು ಒಂದೇ: “ಈ ಸಾಲು ಯಾಕೆ?” ಎಂದು ಪರಿಶೀಲಕರು ಕೇಳಿದಾಗ ಯಂತ್ರವನ್ನು ಕೇಳದೆ ಉತ್ತರಿಸಬಲ್ಲಿರಾದರೆ ಕಳಿಸಿ.

7. ಕಮಿಟ್ ಸಂದೇಶ

“ಫಿಕ್ಸ್” ಎಂಬ ಒಂದು ಪದದ ಸಂದೇಶ ಬರೆಯಬೇಡಿ. ಮೊದಲ ಸಾಲು ಚಿಕ್ಕದಾಗಿ, ಏನು ಮಾಡಿದೆ ಎಂದು ಹೇಳಲಿ. ಒಂದು ಸಾಲು ಖಾಲಿ ಬಿಟ್ಟು, ಯಾಕೆ ಮಾಡಿದೆ ಎಂದು ಬರೆಯಿರಿ. ಬರೆಯಬೇಕಾದದ್ದು ಇಂಗ್ಲಿಷಿನಲ್ಲಿ, ತಿರುಳು ಹೀಗಿರಲಿ: “ಕನ್ನಡ ಕಗಪ: ಅರ್ಕಾವೊತ್ತಿಲ್ಲದ ರಕಾರಕ್ಕೆ ನಿಯಮ ಸೇರಿಸು. ರ‍್ಯಾಂಕ್‌ನಂಥ ಎರವಲು ಪದಗಳಲ್ಲಿ ರಕಾರ ಪೂರ್ತಿಯಾಗಿ ನಿಂತು, ಯಕಾರ ಒತ್ತಾಗಬೇಕು. ಇದಕ್ಕೆ ರಕಾರದ ನಂತರ ಜಾಯ್ನರ್ ಬೇಕು. ಹಳೆಯ ನಡವಳಿಕೆ ಬದಲಾಗಿಲ್ಲ, ಎರಡಕ್ಕೂ ಪರೀಕ್ಷೆ ಇದೆ.” ಏನು ಬದಲಾಗಿದೆ ಎಂಬುದನ್ನು ಕೋಡೇ ತೋರಿಸುತ್ತದೆ, ಯಾಕೆ ಎಂಬುದು ಐದು ವರ್ಷದ ನಂತರ ಈ ಸಂದೇಶದಲ್ಲಿ ಮಾತ್ರ ಉಳಿದಿರುತ್ತದೆ.

ಲಿನಕ್ಸ್ ಕರ್ನಲ್‌ನಂಥ ಕೆಲವು ಯೋಜನೆಗಳು ಸಂದೇಶದ ಕೊನೆಯಲ್ಲಿ “ಸೈನ್ಡ್ ಆಫ್ ಬೈ” ಎಂಬ ಸಾಲು ಕೇಳುತ್ತವೆ. ಈ ಕೋಡ್ ಕೊಡಲು ನನಗೆ ಹಕ್ಕಿದೆ ಎಂಬ ಘೋಷಣೆ ಅದು. ಎರಡನೇ ಹಂತದಲ್ಲಿ ಹೇಳಿದ ನೇಮಕಾತಿ ಪತ್ರ ಓದದೆ ಅದನ್ನು ಹಾಕುವುದು ಸುಳ್ಳು ಸಹಿ ಹಾಕಿದಂತೆ.

8. ಪುಲ್ ರಿಕ್ವೆಸ್ಟ್

“ಗಿಟ್ ಪುಶ್” ಕೊಟ್ಟು ನಿಮ್ಮ ಕಮಿಟನ್ನು ಫೋರ್ಕಿಗೆ ಕಳಿಸಿ, ಗಿಟ್‌ಹಬ್ ಪುಟದಲ್ಲಿ ಅರ್ಜಿ ತೆರೆಯಿರಿ. ಇಷ್ಯೂ ಸಂಖ್ಯೆ ಉಲ್ಲೇಖಿಸಿ. ಹೇಗೆ ಪರೀಕ್ಷಿಸಿದಿರಿ, ಯಾವುದರ ಬಗ್ಗೆ ನಿಮಗೇ ಪೂರ್ತಿ ಖಾತ್ರಿಯಿಲ್ಲ ಎಂಬುದನ್ನೂ ಬರೆಯಿರಿ. ಅನುಮಾನವನ್ನು ಒಪ್ಪಿಕೊಂಡ ಅರ್ಜಿಯ ಪರಿಶೀಲನೆ ಬೇಗ ಮುಗಿಯುತ್ತದೆ, ಎಲ್ಲಿ ನೋಡಬೇಕೆಂದು ಪರಿಶೀಲಕರಿಗೆ ತಿಳಿಯುತ್ತದಲ್ಲ. ಅರ್ಜಿ ಹೋದ ಕೂಡಲೇ ತಂತಾನೇ ಓಡುವ ಪರೀಕ್ಷೆಗಳು ಹೊಸಬರಿಗೆ ಕೆಲವೊಮ್ಮೆ ಶುರುವೇ ಆಗುವುದಿಲ್ಲ; ಮೊದಲ ಬಾರಿ ಬಂದವರದ್ದನ್ನು ಓಡಿಸಲು ನಿರ್ವಾಹಕರ ಒಪ್ಪಿಗೆ ಬೇಕಾಗುತ್ತದೆ. ಗಾಬರಿ ಬೇಡ.

ಟಿ-ಶರ್ಟಿಗಾಗಿ, ಪ್ರಮಾಣಪತ್ರಕ್ಕಾಗಿ, ಗಿಟ್‌ಹಬ್ ಪುಟದ ಹಸಿರು ಚೌಕಗಳಿಗಾಗಿ ಅರ್ಜಿ ಹಾಕಬೇಡಿ. ನಾಲ್ಕು ಪುಲ್ ರಿಕ್ವೆಸ್ಟ್‌ಗೆ ಒಂದು ಟಿ-ಶರ್ಟ್ ಕೊಡುತ್ತಿದ್ದ ವಾರ್ಷಿಕ ಕಾರ್ಯಕ್ರಮ ಹ್ಯಾಕ್ಟೋಬರ್‌ಫೆಸ್ಟ್, 2020ರ ಅಕ್ಟೋಬರ್‌ನಲ್ಲಿ ರೀಡ್‌ಮಿ ಕಡತಕ್ಕೆ ಒಂದು ವಿಶೇಷಣ ಸೇರಿಸುವಂಥ ಕಸದ ಅರ್ಜಿಗಳ ಪ್ರವಾಹದಿಂದ ತನ್ನ ನಿಯಮವನ್ನು ತಿಂಗಳ ಮೊದಲ ವಾರದಲ್ಲೇ ಬದಲಿಸಬೇಕಾಯಿತು. ಇಷ್ಟಪಟ್ಟು ಒಪ್ಪಿದ ಯೋಜನೆಗಳು ಮಾತ್ರ ಅದರಲ್ಲಿ ಸೇರುವಂತಾಯಿತು. ಭಾರತದ ಹೆಸರಿನ ಖಾತೆಗಳನ್ನು ಕಂಡರೆ ಕೆಲವು ನಿರ್ವಾಹಕರು ಒಂದು ಕ್ಷಣ ತಡೆಯುವುದಕ್ಕೆ ಇಂಥ ಪ್ರಸಂಗಗಳೂ ಕಾರಣ. ಅದು ನ್ಯಾಯವಲ್ಲ, ಆದರೆ ಹಾಗಿದೆ.

9. ಪರಿಶೀಲನೆ

ಮೂರು ದಿನದಲ್ಲಿ ಉತ್ತರ ಬಂದರೆ ಅದೃಷ್ಟ. ಎರಡು ವಾರ ಮೌನವಾದರೆ ಒಂದು ವಿನಯದ ಸಾಲು ಬರೆಯಿರಿ: ನಾನೇನಾದರೂ ಬದಲಿಸಬೇಕೇ? ಪ್ರತಿದಿನ “ಸರ್, ಏನಾಯಿತು?” ಎಂದು ಬರೆಯುವುದು, ನಿರ್ವಾಹಕರ ವೈಯಕ್ತಿಕ ಖಾತೆಗಳಿಗೆ ಸಂದೇಶ ಕಳಿಸುವುದು, ಹತ್ತು ಮಂದಿಯ ಹೆಸರು ಟ್ಯಾಗ್ ಮಾಡುವುದು, ಯಾವುದೂ ಬೇಡ. ಅಂದಹಾಗೆ, ಅಲ್ಲಿ ಯಾರನ್ನೂ ಸರ್, ಮೇಡಂ ಎನ್ನುವ ರೂಢಿಯಿಲ್ಲ. ಹೆಸರು ಹಿಡಿದು ಬರೆದರೆ ಅಗೌರವವಾಗುವುದಿಲ್ಲ.

ಉತ್ತರ ಬಂದಾಗ ಅದು ಒರಟೆನಿಸಬಹುದು. “ಇದು ಯಾಕೆ ಬೇಕು?”, “ಈ ಹೆಸರು ಸರಿಯಿಲ್ಲ”, “ಪರೀಕ್ಷೆ ಎಲ್ಲಿ?”. ನಮಸ್ಕಾರವಿಲ್ಲ, ಚೆನ್ನಾಗಿದೆ ಎಂಬ ಮಾತಿಲ್ಲ. ಇದು ಬೈಗುಳವಲ್ಲ, ಆ ಲೋಕದ ಭಾಷೆ. ಪ್ರತಿ ಟಿಪ್ಪಣಿಗೂ ಅದರ ಕೆಳಗೇ ಉತ್ತರಿಸಿ: ಒಪ್ಪಿದರೆ ಬದಲಿಸಿ “ಆಗಿದೆ” ಎನ್ನಿ, ಒಪ್ಪದಿದ್ದರೆ ಕಾರಣ ಹೇಳಿ. ಕನ್ನಡದ ವಿಷಯದಲ್ಲಿ ಅವರಿಗಿಂತ ನಿಮಗೆ ಹೆಚ್ಚು ಗೊತ್ತು, ಅಲ್ಲಿ ಸುಮ್ಮನೆ ತಲೆಯಾಡಿಸಬೇಡಿ. ಹೌದು ಎಂದು ಬರೆದು ಮಾಯವಾಗುವುದಂತೂ ಕೂಡದೇ ಕೂಡದು. ಅರ್ಧ ಮುಗಿದ ಅರ್ಜಿ ಇನ್ನೊಬ್ಬರು ಆ ಕೆಲಸ ಕೈಗೆತ್ತಿಕೊಳ್ಳುವುದನ್ನೂ ತಡೆಯುತ್ತದೆ. ಬಿಡುವಿಲ್ಲವೆಂದಾದರೆ ಹಾಗೆಂದು ಬರೆದು ಬಿಟ್ಟುಕೊಡಿ.

ತಿದ್ದಿದ ಮೇಲೆ ಹೊಸ 
ಅರ್ಜಿ ತೆರೆಯಬೇಡಿ. ಅದೇ ಬ್ರಾಂಚಿಗೆ ಪುಶ್ ಮಾಡಿದರೆ ಹಳೆಯ ಅರ್ಜಿಯೇ ಹೊಸದಾಗುತ್ತದೆ. ಅಷ್ಟರಲ್ಲಿ ಮೂಲ ಕೋಡ್ ಮುಂದೆ ಹೋಗಿದ್ದರೆ ಅಪ್‌ಸ್ಟ್ರೀಮ್‌ನಿಂದ ತರಿಸಿಕೊಂಡು “ಗಿಟ್ ರಿಬೇಸ್” ಮಾಡಬೇಕಾಗುತ್ತದೆ. ಅಂದರೆ ನಿಮ್ಮ ಬದಲಾವಣೆಯನ್ನು ಕಳಚಿ, ಹೊಸ ಕೋಡಿನ ತುದಿಗೆ ಮತ್ತೆ ಜೋಡಿಸುವುದು. ರಿಬೇಸ್ ನಂತರ ಸಾದಾ ಪುಶ್ ನಡೆಯುವುದಿಲ್ಲ, ಬಲವಂತದ ಪುಶ್ ಬೇಕು. ಬಲವಂತವನ್ನು ನಿಮ್ಮ ಬ್ರಾಂಚಿನ ಮೇಲೆ ಮಾತ್ರ ತೋರಿಸಿ, ಹಂಚಿಕೊಂಡ ಬ್ರಾಂಚಿನ ಮೇಲೆ ತೋರಿಸಿದರೆ ಇತರರ ಕೆಲಸ ಅಳಿಸಿಹೋಗಬಹುದು.

ತಿರಸ್ಕಾರವಾದರೆ? ಕಾರಣ ಓದಿ, ಧನ್ಯವಾದ ಹೇಳಿ, ಮುಂದಿನದಕ್ಕೆ ಹೋಗಿ. ನಿಮಗೆ ಆ ಬದಲಾವಣೆ ಅಷ್ಟು ಮುಖ್ಯವಾದರೆ ನಿಮ್ಮ ಫೋರ್ಕ್ ನಿಮ್ಮಲ್ಲೇ ಇದೆ, ಅದನ್ನು ಬಳಸಲು ಪರವಾನಗಿಯೇ ಹಕ್ಕು ಕೊಟ್ಟಿದೆ.

10. ಮರ್ಜ್ ಆದ ಮೇಲೆ

ಮರ್ಜ್ ಆದ ದಿನವೇ ಬಳಕೆದಾರರಿಗೆ ಅದು ಸಿಗುವುದಿಲ್ಲ. ಜೆಕ್ವೆರಿ ಐಎಂಇಗೆ ಸೇರಿದ ನಿಯಮವನ್ನು ಮೀಡಿಯಾವಿಕಿಯ ಯೂನಿವರ್ಸಲ್ ಲ್ಯಾಂಗ್ವೇಜ್ ಸೆಲೆಕ್ಟರ್ ಎಂಬ ವಿಸ್ತರಣೆಯೊಳಗೆ ಯಾರಾದರೂ ತಂದುಕೊಳ್ಳಬೇಕು. ಆ ಬಳಿಕ ಅದು ಹೊಸ ಕೋಡನ್ನು ತಾಣಗಳಿಗೆ ಒಯ್ಯುವ ವಿಕಿಮೀಡಿಯದ ವಾರದ ಬಂಡಿಯನ್ನು ಹತ್ತುತ್ತದೆ: ಮಂಗಳವಾರ ಪರೀಕ್ಷಾ ತಾಣಗಳು, ಬುಧವಾರ ಇನ್ನಷ್ಟು, ಗುರುವಾರ ಉಳಿದ ವಿಕಿಪೀಡಿಯಗಳು. ಈ ನಡುವೆ ನಿಮ್ಮ ಫೋರ್ಕನ್ನು ಮೂಲದೊಂದಿಗೆ ಸರಿಹೊಂದಿಸಿ, ಕೆಲಸ ಮುಗಿದ ಬ್ರಾಂಚನ್ನು ಅಳಿಸಿ. ನಿಮ್ಮ ನಿಯಮದಿಂದ ಏನಾದರೂ ಕೆಟ್ಟಿದೆ ಎಂದು ಯಾರಾದರೂ ಇಷ್ಯೂ ತೆರೆದರೆ ಮೊದಲು ಉತ್ತರಿಸುವವರು ನೀವಾಗಿರಿ.

ಬಂಡಿ ಬಂದ ಮೇಲೆ ಕನ್ನಡ ವಿಕಿಪೀಡಿಯದಲ್ಲಿ ನಿಮ್ಮ ಪ್ರಯೋಗಪುಟ ತೆರೆದು ರ‍್ಯಾಂಕ್ ಎಂದು ಟೈಪ್ ಮಾಡಿ. ಬರದಿದ್ದರೆ ದೂರು ಬರೆಯುವ ಮುನ್ನ ಪುಟವನ್ನು ಒಮ್ಮೆ ಪೂರ್ತಿಯಾಗಿ ರಿಫ್ರೆಶ್ ಮಾಡಿ ನೋಡಿ. ಬ್ರೌಸರ್ ಕೂಡಿಟ್ಟುಕೊಂಡ ಪ್ರತಿಯಲ್ಲಿ (ಕ್ಯಾಶ್) ಹಳೆಯ ನಿಯಮವೇ ಇನ್ನೂ ಕುಳಿತಿರಬಹುದು.